ಹವಳದ ಕೊಲ್ಲಿಯಲ್ಲಿ ಒಂದು ಗಂಟೆ

ಅಂಡಮಾನಿಗೆ ಹೋಗೋಣ ಎಂದವನು ನಾನೇ. ಎಂಬತ್ತರ ದಶಕದ ಮಾತು. ಬಳ್ಳಾರಿಯ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದೆ. ರಜೆಯ ಪ್ರವಾಸಕ್ಕೆ ಟಿಕೆಟ್ಟಿನ ಖರ್ಚು ಬ್ಯಾಂಕೇ ಕೊಡುತ್ತಿತ್ತು. ಜೊತೆಯವರೆಲ್ಲ ಅದರಲ್ಲಿ ತಿರುಪತಿ, ಕಾಶಿ ಮುಗಿಸಿ ಬಂದಿದ್ದರು. ನನ್ನ ತಲೆಗೆ ಮಾತ್ರ ಹಳೆಯ ವಾರಪತ್ರಿಕೆಯ ಒಂದು ಬಣ್ಣದ ಪುಟ ಹತ್ತಿತ್ತು. ಸಮುದ್ರದ ತಳದಲ್ಲಿ ಹವಳದ ಪೊದೆಗಳು, ನಡುವೆ ಹಳದಿ ಮೀನು. ಸತ್ಯನಾರಾಯಣಪೇಟೆಯ ನಮ್ಮ ಬಾಡಿಗೆ ಮನೆಯ ಗೋಡೆಗೆ ಅದನ್ನು ಅಂಟಿಸಿಕೊಂಡು ಆರು ವರ್ಷ ನೋಡಿದ್ದೆ. ಒಮ್ಮೆ ಕಣ್ಣಾರೆ ನೋಡಿಬಿಡಬೇಕು, ಇಷ್ಟೇ ನನ್ನ ಹುಚ್ಚು.

ನನ್ನ ಹೆಂಡತಿ ಕುರುಗೋಡಿನವಳು. ಬಂಡೆಗುಡ್ಡದ ಊರು. ಸೊಂಟಕ್ಕಿಂತ ಮೇಲೆ ಬರುವ ನೀರಿಗೆ ಅವಳು ಇಳಿದವಳೇ ಅಲ್ಲ. ನಾನೋ ಸಿರುಗುಪ್ಪದವನು, ತುಂಗಭದ್ರೆಯ ದಂಡೆಯವನು. ಹೊಳೆ ತುಂಬಿ ಬಂದಾಗ ಈ ದಡದಿಂದ ಆ ದಡಕ್ಕೆ ಈಜಿದ ಕಥೆಯನ್ನು ಅವಳಿಗೆ ಮದುವೆಯಾದ ವಾರದಲ್ಲೇ ಹೇಳಿ ಮುಗಿಸಿದ್ದೆ. ಆಮೇಲೂ ಹೇಳುತ್ತಲೇ ಇದ್ದೆ.

"ನಂಗ ಈಜು ಬರಂಗಿಲ್ರಿ. ದಂಡಿ ಮ್ಯಾಲೆ ಕುಂತು ನಿಮ್ಮ ಅರಿವಿ ಕಾಯ್ತೀನಿ, ನೀವು ನೋಡಿಕೊಂಡು ಬರ್ರಿ," ಎಂದಳು.

"ನಾ ಅದೀನಲ್ಲ! ಕೈ ಹಿಡದು ತೋರಿಸ್ತೀನಿ ನಡಿ," ಎಂದೆ.

ಗುಂತಕಲ್ಲಿನಲ್ಲಿ ರೈಲು ಬದಲಿಸಿ ಮದ್ರಾಸು, ಅಲ್ಲಿಂದ ಹಡಗು. ಹಡಗಿನಲ್ಲಿ ವಾಂತಿ ಮಾಡಿಕೊಂಡವನು ನಾನು. ಅವಳು ಡಬ್ಬಿಯಲ್ಲಿದ್ದ ಖಾರದ ಮಂಡಕ್ಕಿ ತಿನ್ನುತ್ತಾ ಕೂತಿದ್ದಳು.

ಹವಳವಿದ್ದ ಕೊಲ್ಲಿಗೆ ಅರಣ್ಯ ಇಲಾಖೆಯ ಕಾವಲಿತ್ತು. ಚೀಟಿ ಬರೆಸಿಕೊಂಡೇ ಹೋಗಬೇಕು. ದೋಣಿಯವನು ಆಂಧ್ರದ ಕಡೆಯಿಂದ ಬಂದು ನೆಲೆಸಿದವನು. ನಮ್ಮ ತೆಲುಗು ಕೇಳಿ ಸ್ವಂತ ಊರಿನವರು ಸಿಕ್ಕಂತೆ ಹಿಗ್ಗಿದ. ಆದರೆ ಕಾಯಿದೆಯ ವಿಷಯದಲ್ಲಿ ಬಿಗಿ. ಹವಳದ ಮೇಲೆ ಕಾಲಿಡಬಾರದು, ಒಂದು ಕಪ್ಪೆಚಿಪ್ಪನ್ನೂ ಎತ್ತಬಾರದು, ಒಂದು ಗಂಟೆ ಕಳೆದು ಸೀಟಿ ಊದಿದರೆ ದೋಣಿ ಹತ್ತಿಬಿಡಬೇಕು. ಮರುದಿನವೇ ನಮ್ಮ ವಾಪಸು ಹಡಗು. ಮತ್ತೆ ಬರುವ ಮಾತು ದೂರವೇ ಉಳಿಯಿತು.

ಮೂಗನ್ನೂ ಮುಚ್ಚುವಂಥ ದೊಡ್ಡ ಗಾಜಿನ ಕನ್ನಡಕ, ಬಾಯಲ್ಲಿ ಕಚ್ಚಿಕೊಂಡು ಉಸಿರಾಡುವ ರಬ್ಬರ್ ಕೊಳವೆ ಇಬ್ಬರಿಗೂ ಕೊಟ್ಟ. "ಅಮ್ಮನವರೂ ನೋಡಲಿ," ಎಂದು ಗಾಳಿ ತುಂಬಿದ ಲಾರಿಯ ಟ್ಯೂಬನ್ನು ನೀರಿಗೆ ಬಿಟ್ಟ. ಅವಳು ಒಂದು ಗಳಿಗೆ ಯೋಚಿಸಿದಳು. ಆಮೇಲೆ ಸೀರೆಗೆ ಕಚ್ಚೆ ಬಿಗಿದು, ಟ್ಯೂಬು ಹಿಡಿದು ಇಳಿದೇಬಿಟ್ಟಳು. ನನಗೂ ಒಂದು ಟ್ಯೂಬು ಬೇಕೇ ಎಂದು ದೋಣಿಯವನು ಕೇಳಿದ. ಅವನನ್ನು ಕೆಕ್ಕರಿಸಿ ನೋಡಿ ನೀರಿಗಿಳಿದೆ.

ಮುಖ ಮುಳುಗಿಸಿದೆ. ಬರೀ ಕತ್ತಲೆ. ತಲೆ ಎತ್ತಿ ನಾಲ್ಕು ಮಾರು ಮುಂದೆ ಹೋಗಿ ಮತ್ತೆ ಮುಳುಗಿಸಿದೆ. ಅದೇ ಕತ್ತಲೆ. ಅತ್ತ ಇವಳು ಕೊಳವೆ ಕಿತ್ತು ಕಿರುಚುತ್ತಿದ್ದಳು.

"ಅಯ್ಯ, ಹಿಂಡ ಹಿಂಡ ಬರಾಕ ಹತ್ಯಾವ್ರಿ! ಒಂದಕ್ಕ ನೀಲಿ ಮೈ, ಹಳದಿ ಬಾಲ!"

"ಎಲ್ಲೈತಿ? ನಂಗ ಏನೂ ಕಾಣವಲ್ದು!"

ಗಾಜು ಕೆಟ್ಟಿದೆ ಎಂದು ದೋಣಿಯವನ ಹತ್ತಿರ ಕನ್ನಡಕ ಬದಲಿಸಿಕೊಂಡೆ. ಜಾಗ ಸರಿಯಿಲ್ಲ ಎಂದೆ, ಬಿಸಿಲು ಸಾಲದು ಎಂದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಒಳಗೆ ಮಾತ್ರ ಅಳು ಒತ್ತರಿಸಿ ಬರುತ್ತಿತ್ತು. ಆರು ವರ್ಷ ಗೋಡೆ ನೋಡಿದವನಿಗೆ ಕತ್ತಲೆ, ಒಂದು ದಿನವೂ ಆಸೆಪಡದವಳಿಗೆ ಹಳದಿ ಬಾಲ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಇನ್ನು ಕಾಲು ಗಂಟೆ ಎಂದು ದೋಣಿಯವನು ಕೂಗಿದ.

ಹೆಂಡತಿ ಕಾಲು ಬಡಿಯುತ್ತಾ ಟ್ಯೂಬಿನ ಸಮೇತ ನನ್ನ ಪಕ್ಕಕ್ಕೆ ಬಂದಳು. ಇಬ್ಬರೂ ಒಟ್ಟಿಗೆ ಮುಖ ಮುಳುಗಿಸಿದೆವು. ಮರುಕ್ಷಣವೇ ನನ್ನ ಕೂದಲು ಹಿಡಿದು ಮೇಲಕ್ಕೆತ್ತಿದಳು.

"ಏನ್ರಿ, ಕಣ್ಣ ಮುಚ್ಚಿಕೊಂಡು ಏನ್ ನೋಡಾಕ ಹತ್ತೀರಿ?"

"ಯಾರ ಮುಚ್ಯಾರ?"

"ಗಾಜಿನಾಗ ನೋಡಿದೆನಲ್ಲ! ಹಿಂಗ ಮಾಡಿದ್ರಿ," ಎಂದು ಹರಳೆಣ್ಣೆ ಕುಡಿಯುವ ಹುಡುಗನ ಹಾಗೆ ಕಣ್ಣು ಕಿವುಚಿ ತೋರಿಸಿದಳು.

ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಮ್ಮ ಹೊಳೆಯ ಹೊಸ ನೀರು ಕೆಮ್ಮಣ್ಣಿನದು, ಕಣ್ಣು ತೆರೆದರೆ ಮರಳೇ. ನನ್ನ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಹೊಳೆಗೆ ನೂಕಿದ ಸೋದರಮಾವ "ಕಣ್ಣ ಮುಚ್ಚಲೇ!" ಎಂದೇ ನೂಕಿದ್ದ. ಆ ಮಾತನ್ನು ನಾನು ಮರೆತಿದ್ದರೂ ಮೈ ಮರೆತಿರಲಿಲ್ಲ. ನಮ್ಮ ಕಡೆ ಈಜುವುದು ದಾಟುವುದಕ್ಕೆ. ನೋಡುವುದಕ್ಕೆ ಯಾರೂ ಮುಳುಗುವುದಿಲ್ಲ.

"ನನ್ನ ಕೈ ಹಿಡೀರಿ. ನಾ ಹಿಚುಕಿದಾಗ ತೆರೀರಿ," ಎಂದಳು.

ಹಿಡಿದೆ. ಮುಳುಗಿದೆ. ಹಿಚುಕಿದಳು. ರೆಪ್ಪೆ ಕೇಳಲಿಲ್ಲ. ಇನ್ನೊಮ್ಮೆ, ಉಗುರು ನೆಡುವಂತೆ ಹಿಚುಕಿದಳು. ತೆರೆದೆ.

ಅಬ್ಬ! ಎದುರಿಗೆ ಒಂದು ಗೇಣು ದೂರದಲ್ಲಿ ಅವಳ ಮುಖ, ಗಾಜಿನ ಹಿಂದೆ ಅಗಲಿಸಿದ ಎರಡು ಕಣ್ಣು. ಇಷ್ಟು ವರ್ಷ ಈಜಿದವನು ನೀರಿನೊಳಗೆ ಮೊಟ್ಟಮೊದಲು ನೋಡಿದ್ದು ಈಜು ಬಾರದ ನನ್ನ ಹೆಂಡತಿಯನ್ನು. ಅವಳ ಕೆಳಗೆ ಹವಳ, ಹೂಕೋಸಿನಂಥದ್ದು, ಜಿಂಕೆಯ ಕೊಂಬಿನಂಥದ್ದು, ನೇರಳೆ, ಕಂದು, ಹಸಿರು. ಪಟ್ಟೆ ಪಟ್ಟೆಯ ಮೀನುಗಳು ನಮ್ಮನ್ನು ಲೆಕ್ಕಕ್ಕೇ ಇಡದೆ ಕಾಲುಗಳ ನಡುವೆ ಹಾದುಹೋದವು. ಕೊಳವೆಯೊಳಗೇ ಕೂಗಿಬಿಟ್ಟೆ, ಉಪ್ಪುನೀರು ಕುಡಿದೆ, ಮತ್ತೆ ಕೂಗಿದೆ. ಗೋಡೆಯ ಚಿತ್ರ ಇದರ ಮುಂದೆ ಏನೇನೂ ಅಲ್ಲ.

ಅವಳು ಒಂದು ಕೈಯಲ್ಲಿ ಅಲ್ಲಿ ತೋರಿಸಿದಳು, ಇಲ್ಲಿ ತೋರಿಸಿದಳು. ಇನ್ನೊಂದು ಕೈ ನನ್ನ ಕೈಯಲ್ಲಿತ್ತು. ಹಾಗಾದರೆ ಟ್ಯೂಬು? ತಲೆ ಎತ್ತಿ ನೋಡಿದೆ. ಅದು ಹತ್ತು ಮಾರು ದೂರದಲ್ಲಿ ತನ್ನ ಪಾಡಿಗೆ ತೇಲಿ ಹೋಗುತ್ತಿತ್ತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಸೆರಗು ಹರಡಿಕೊಂಡು, ಕಾಲು ನಿಧಾನಕ್ಕೆ ಆಡಿಸುತ್ತಾ, ನೀರಿನ ಮೇಲೆ ಆರಾಮಾಗಿ ಮಲಗಿದ್ದಳು. ನಾನು ಮತ್ತೆ ಮುಖ ಮುಳುಗಿಸಿದೆ. ಸೀಟಿ ಊದುವವರೆಗೂ ಅವಳ ಕೈ ಬಿಡಲಿಲ್ಲ.