ಹತ್ತು ಎಣಿಸುವಷ್ಟು ಹೊತ್ತು ಬಿಸಿನೀರು

ಅರ್ಧ ಪೌಂಡ್ ದನದ ಮಾಂಸಕ್ಕೆ ಎಂಟು ಡಾಲರ್, ಕೊರಿಯನ್ ಅಂಗಡಿಯ ಒಂದು ಪೇರ್ ಹಣ್ಣಿಗೆ ಮೂರು. ಗ್ಲೆಂಡೇಲ್ ಹೈಟ್ಸ್‌ನ ಹಲಾಲ್ ಅಂಗಡಿಯಲ್ಲಿ ನಾನು ಚೌಕಾಸಿ ಮಾಡದೆ ಕೊಂಡದ್ದು ಅದೊಂದೇ ಸಲ. ಬೆಳಿಗ್ಗೆ ಬಂದ ಮಾಂಸವೇ ಬೇಕು, ಕೊಬ್ಬಿಲ್ಲದ ಮೆತ್ತನೆಯ ತುಂಡೇ ಬೇಕು ಎಂದು ಪಟ್ಟು ಹಿಡಿದು ನಿಂತಿದ್ದೆ. ಹಸಿಯಾಗಿಯೇ ತಿನ್ನುವ ಮಾಂಸದಲ್ಲಿ ನಿನ್ನೆಯದು ನಡೆಯುವುದಿಲ್ಲ.

ಅದನ್ನು ತಿನ್ನಬೇಕಾಗಿದ್ದವರು ನನಗೆ ಮೊದಲು ಕೆಲಸ ಕೊಟ್ಟ ಕೊರಿಯಾದ ಹೆಂಗಸು. ನಾನು ದಾವಣಗೆರೆಯಿಂದ ಬಂದ ಮರುವರ್ಷ, ತೊಂಬತ್ತೇಳರಲ್ಲಿ, ಇಟಾಸ್ಕಾದ ಅವರ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಪ್ಯಾಂಟಿನ ಅಂಚು ಮಡಿಸಿ ಹೊಲಿಯಲು ಸೇರಿದೆ. ಮೊದಲ ದಿನವೇ ಕೂಲಿಗೆ ಜಗ್ಗಾಡಿದೆ. ಅವರು ನಕ್ಕು, ಜಗ್ಗಾಡಲು ನಿನಗೆ ಬರುವುದಿಲ್ಲ, ಕೂತು ಕಲಿ ಎಂದರು. ಆರು ವರ್ಷ ಕಲಿತೆ. ವುಡ್‌ರಿಡ್ಜ್‌ನಲ್ಲಿ ನಾನೇ ಅಂಗಡಿ ಹಾಕುವಾಗ ಕಟ್ಟಡದ ಮಾಲೀಕನ ಎದುರು ಬಂದು ಕೂತವರೂ ಅವರೇ. ಬಾಡಿಗೆ ಕರಾರಿನ ಹಾಳೆಯನ್ನು ಮಡಚಿ ಕೈಚೀಲಕ್ಕೆ ಹಾಕಿಕೊಂಡು ಎದ್ದರು. ಬಾಡಿಗೆ ಇಳಿಸುತ್ತೇನೆಂದು ಆತನೇ ಹಿಂದೆ ಓಡಿ ಬಂದ. ನಾನು ಅವರನ್ನು ಆಂಟಿ ಎನ್ನುತ್ತಿದ್ದೆ.

ಮರುವರ್ಷ ಅವರ ಹೊಟ್ಟೆಯಲ್ಲಿ ಕ್ಯಾನ್ಸರ್ ಕಂಡಿತು. ಅವರ ಗಂಡ ಮೊದಲೇ ತೀರಿಹೋಗಿದ್ದರು. ಒಬ್ಬನೇ ಮಗ, ಡೆಟ್ರಾಯಿಟ್ ಕಡೆ ಕೆಲಸ, ಶನಿವಾರ ಐದು ಗಂಟೆ ಡ್ರೈವ್ ಮಾಡಿ ಬರುತ್ತಿದ್ದ. ವಾರದ ನಡುವೆ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ನಾನು ಹೋಗುತ್ತಿದ್ದೆ. ಗಂಜಿ ಒಲ್ಲೆ, ಸೂಪು ಒಲ್ಲೆ ಎನ್ನುತ್ತಿದ್ದವರು ಒಂದು ದಿನ ತಾವಾಗಿಯೇ ಬಾಯಿಬಿಟ್ಟು ಕೇಳಿದರು. ನಮ್ಮಿಬ್ಬರದೂ ಅಂಗಡಿಯ ಹರಕು ಇಂಗ್ಲಿಷ್, ಇಲ್ಲಿ ನಮ್ಮ ಮಾತಿನಲ್ಲಿ ಬರೆಯುತ್ತೇನೆ.

"ಯುಖ್ವೆ ತಿನ್ಬೇಕು. ನೀನೇ ಮಾಡ್ಕೊಂಡು ಬಾ. ನಿನ್ನ ಕೈ ನೆಟ್ಟಗೆ ಕತ್ತರಿಸುತ್ತೆ."

ಹಸಿ ಮಾಂಸವನ್ನು ಬೆಂಕಿಕಡ್ಡಿಯಷ್ಟು ಸಣ್ಣಗೆ ಹೆಚ್ಚಿ, ಸೋಯಾ ಸಾಸ್, ಸಕ್ಕರೆ, ಬೆಳ್ಳುಳ್ಳಿ, ಹುರಿದ ಎಳ್ಳಿನ ಎಣ್ಣೆ ಸೇರಿಸಿ ಕಲಸುವುದು. ಸುತ್ತ ಪೇರ್ ಹಣ್ಣಿನ ಎಳೆ, ನಡುವೆ ಹಸಿ ಮೊಟ್ಟೆಯ ಹಳದಿ. ಮಲಗಿದಲ್ಲಿಂದಲೇ ಬೆರಳಾಡಿಸಿ ಎಲ್ಲವನ್ನೂ ಹೇಳಿದರು. ಆದರೆ ಅವರ ಫ್ರಿಜ್ಜಿನ ಬಾಗಿಲ ಮೇಲೆ ಆಸ್ಪತ್ರೆಯ ಕಾಗದ ಅಂಟಿತ್ತು: ಹಸಿ ಮಾಂಸ ಕೂಡದು, ಹಸಿ ಮೊಟ್ಟೆ ಕೂಡದು. ಕೆಳಗೆ ನರ್ಸಿನ ಫೋನ್ ನಂಬರು.

ಮನೆಯಲ್ಲಿ ನನ್ನ ಗಂಡ ಮಾಂಸದ ಪೊಟ್ಟಣ ನೋಡಿ, "ಹಸೀದು ತಿನ್ಸಿ ಏನಾದ್ರೂ ಆದ್ರೆ ಅವರ ಮಗ ನಿನ್ನ ಸುಮ್ನೆ ಬಿಡ್ತಾನಾ?" ಎಂದರು. ನಾನು ಮಾಂಸ ತೊಳೆಯತೊಡಗಿದೆ. ನಮ್ಮಲ್ಲಿ ಮಾಂಸ ಅರಿಶಿನ ಹಚ್ಚಿಸಿಕೊಂಡು ಮೂರು ನೀರು ಕಾಣದೆ ಪಾತ್ರೆಗೆ ಇಳಿಯುವುದಿಲ್ಲ. ಕೈ ತಾನಾಗಿಯೇ ಆ ಕೆಲಸ ಮಾಡಿತು. ಹೆಚ್ಚಿದ ಮೇಲೆ ಧೈರ್ಯ ಸಾಲಲಿಲ್ಲ. ಎರಡು ಕಡೆಯವರನ್ನೂ ನಡುವಿನ ಬೆಲೆಗೆ ಒಪ್ಪಿಸಿ ಬದುಕಿದವಳು ನಾನು. ಡಾಕ್ಟರ ಮಾತೂ ಉಳಿಯಲಿ, ಆಂಟಿಯ ಆಸೆಯೂ ತೀರಲಿ ಎಂದು ಎಳೆಗಳನ್ನು ಜಾಲರಿಗೆ ಹಾಕಿ, ಕುದಿಯುವ ನೀರಲ್ಲಿ ಹತ್ತು ಎಣಿಸುವವರೆಗೆ ಅದ್ದಿ ತೆಗೆದೆ. ಬೂದಿ ಬಣ್ಣ ಬಂತು. ಮುಚ್ಚಲು ಸಾಸ್ ಹೆಚ್ಚು ಸುರಿದೆ. ಹಳದಿಯನ್ನು ಬಿಟ್ಟೆ, ಮರೆತೆ ಎಂದರಾಯಿತು ಅಂದುಕೊಂಡೆ.

ಆಂಟಿ ತಲೆ ಬಾಚಿಸಿಕೊಂಡು, ಬೆನ್ನಿಗೆ ದಿಂಬು ಕೊಟ್ಟುಕೊಂಡು ಕಾದಿದ್ದರು. ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದರು.

"ಎಷ್ಟು ಹೊತ್ತು ನೀರಲ್ಲಿ ಹಾಕ್ದೆ?"

"ಹತ್ತು ಎಣಿಸೋವಷ್ಟು, ಆಂಟಿ."

"ಗಿರಾಕಿ ಪ್ಯಾಂಟ್ ಆಗಿದ್ದಿದ್ರೆ, ಕತ್ತರಿ ಹಾಕೋ ಮುಂಚೆ ನೀನು ಅವರನ್ನ ಕೇಳ್ತಿದ್ದೆ."

ಸಿಟ್ಟಿರಲಿಲ್ಲ ಆ ದನಿಯಲ್ಲಿ. ನನಗಾಗಿ ಪೇರ್ ಹಣ್ಣಿನ ಎರಡು ಎಳೆ ತಿಂದು, ತಟ್ಟೆ ಸರಿಸಿ, ಗೋಡೆಯ ಕಡೆ ಹೊರಳಿದರು. ಮಂಗಳವಾರ ಸರಿಯಾಗಿ ಮಾಡಿ ತರುತ್ತೇನೆ ಎಂದೆ. ತಲೆಯಾಡಿಸಿದರು. ಭಾನುವಾರದ ಹೊತ್ತಿಗೆ ನೀರೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸೋಮವಾರ ಹೋಗಿಬಿಟ್ಟರು.

ಮಣ್ಣು ಮಾಡಿ ಬಂದ ಮೇಲೆ ಅವರ ಅಡುಗೆಮನೆಯಲ್ಲಿ ನಿಂತು ಮಗನಿಗೆ ಎಲ್ಲವನ್ನೂ ಹೇಳಿದೆ. ಅವನು ಫ್ರಿಜ್ಜಿನ ಕಾಗದವನ್ನೇ ನೋಡುತ್ತಿದ್ದ. ನಾನು ಯುಖ್ವೆ ಒಯ್ದ ದಿನಕ್ಕೆ, ಔಷಧಿಯಿಂದ ಪ್ರಯೋಜನವಿಲ್ಲವೆಂದು ಅದನ್ನು ನಿಲ್ಲಿಸಿ ಆಗಲೇ ಎರಡು ವಾರವಾಗಿತ್ತಂತೆ.

"ಅಮ್ಮ ಏನು ಬೇಕಾದ್ರೂ ತಿನ್ಲಿ ಅಂತ ನರ್ಸ್ ಅವತ್ತೇ ಹೇಳಿದ್ರು. ಇದನ್ನ ತೆಗೆಯೋಕೆ ನಾನು ಮರೆತೆ."

ಅವನನ್ನು ನಾನು ಏನೆಂದು ಅನ್ನಲಿ? ಕಾಲು ಡಾಲರಿನ ಜಿಪ್ಪಿಗೆ ಮೂರು ಅಂಗಡಿಗೆ ಫೋನ್ ಮಾಡಿ ವಿಚಾರಿಸುವವಳು ನಾನು. ಆ ಒಂದು ನಂಬರಿಗೆ ಮಾಡಲಿಲ್ಲ. ಇವತ್ತಿಗೂ ಕೊರಿಯನ್ ಅಂಗಡಿಯಲ್ಲಿ ಪೇರ್ ಹಣ್ಣಿನ ರಾಶಿ ಕಂಡರೆ ಆ ಸಾಲಿಗೆ ಹೋಗುವುದಿಲ್ಲ.

ನೀವು ಹೀಗೆ ಮಾಡಬೇಡಿ. ಕಾಯಿಲೆಯವರ ಮನೆಯ ಪಥ್ಯದ ಕಾಗದ ಯಾವಾಗಿನದು ಎಂದು ಮೊದಲು ನೋಡಿ. ನರ್ಸಿಗೆ ಫೋನ್ ಮಾಡಿ, ಇದು ಈಗಲೂ ಅನ್ವಯಿಸುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ. ಕೂಡದು ಎಂದರೆ ಕೂಡದು ಎಂದೇ ಕಾಯಿಲೆಯವರ ಮುಖಕ್ಕೆ ಹೇಳಿ. ಅವರು ಬೇರೆ ಏನನ್ನಾದರೂ ಕೇಳಿಯಾರು. ಆಗಬಹುದು ಎಂದರೆ ಅಂದೇ ಮಾಡಿ. ಅಂಗಡಿಯಲ್ಲಿ ನಿಮ್ಮೆದುರೇ ಶುಭ್ರವಾದ ಹಲಗೆಯ ಮೇಲೆ ಮಾಂಸ ತುಂಡು ಮಾಡಿಸಿ, ತೊಳೆಯಬೇಡಿ, ಒಣ ಟಿಶ್ಯೂ ಕಾಗದದಲ್ಲಿ ಒರೆಸಿ. ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು, ಚಾಕು ಮಸೆದು, ನಾರಿಗೆ ಅಡ್ಡವಾಗಿ ಹೆಚ್ಚಿ. ಮಂಜುಗಡ್ಡೆಯ ಡಬ್ಬಿಯಲ್ಲಿ ಒಯ್ದು, ಸಾಸ್ ಮತ್ತು ಸಕ್ಕರೆಯನ್ನು ಅವರ ಎದುರಿಗೇ ಕಲಸಿ. ಮೊದಲೇ ಕಲಸಿದರೆ ಮಾಂಸ ನೀರು ಬಿಡುತ್ತದೆ.