ಚರ್ಚಿನ ಗೋಡೆಗೆ ಹೋದ ಬೆಲ್ಲ

ಹೆಂಡತಿಯ ವಿಷಯದಲ್ಲಿ ಹೊಟ್ಟೆಕಿಚ್ಚು ಪಡಲು ಬೇರೆಯವರಿಗೆ ಒಬ್ಬ ಗಂಡಸಾದರೂ ಇರುತ್ತಾನೆ. ನನಗೆ ಸಿಕ್ಕಿದ್ದು ಒಂದು ಪಾಳುಬಿದ್ದ ಚರ್ಚು.

ಅವಳು ಹಳೆಯ ಕಟ್ಟಡಗಳನ್ನು ಉಳಿಸುವ ಇಂಜಿನಿಯರು. ನೈರೋಬಿಯ ಔಷಧ ಕಾರ್ಖಾನೆಗೆ ನಾನು ಮ್ಯಾನೇಜರಾಗಿ ಬಂದಾಗ ಬೆಂಗಳೂರಿನ ಕೆಲಸ ಬಿಟ್ಟು ಜೊತೆಗೆ ಬಂದಳು. ಕೆಲವು ವರ್ಷ ಇಲ್ಲಿನ ಕಿಲಿಮಾನಿ ಬಡಾವಣೆಯ ಫ್ಲಾಟಿನಲ್ಲಿ ಸುಮ್ಮನಿದ್ದಳು. ಆಮೇಲೆ ಒಂದು ಸಂಸ್ಥೆ ಅವಳನ್ನು ಗಡಿಯಾಚೆ ಪಕ್ಕದ ದೇಶದ ಬೆಟ್ಟದ ಮೇಲಿನ ಹಳೆಯ ಚರ್ಚಿನ ಕೆಲಸಕ್ಕೆ ತೆಗೆದುಕೊಂಡಿತು. ಅಲ್ಲಿ ನಡೆದ ಯುದ್ಧದಲ್ಲಿ ಶೆಲ್ ಬಿದ್ದು ಅದರ ಚಾವಣಿ ಪೂರ್ತಿ ಹೋಗಿತ್ತು, ಕಣಿವೆಯ ಕಡೆಯ ಗೋಡೆ ಅರ್ಧ ಕುಸಿದಿತ್ತು. ತಿಂಗಳಲ್ಲಿ ಎರಡು ವಾರ ಅವಳು ಅಲ್ಲೇ. ಇಲ್ಲಿದ್ದಾಗಲೂ ಊಟದ ಮೇಜಿನ ಮೇಲೆ ಅದರದ್ದೇ ಫೋಟೋಗಳು. ಗೋಡೆಯ ಬಿರುಕುಗಳನ್ನು ಕಣ್ಣು ಕಿರಿದು ಮಾಡಿಕೊಂಡು ನೋಡುವಳು. ನನಗೆ ಜ್ವರ ಬಂದಾಗಲೂ ಅಷ್ಟು ಹತ್ತಿರದಿಂದ ನೋಡಿದವಳಲ್ಲ.

ಈ ಸಲದ ಯುಗಾದಿಗೆ ಒಬ್ಬಟ್ಟಾಗಲಿ ಎಂದು ನ್ಗಾರಾ ಪೇಟೆಯ ಭಾರತೀಯರ ಅಂಗಡಿಗಳಲ್ಲಿ ಅಲೆದು ಒಳ್ಳೆಯ ಬೆಲ್ಲ ತಂದಿಟ್ಟಿದ್ದೆ. ಹಬ್ಬದ ಹಿಂದಿನ ದಿನ ತೆಗೆದರೆ ಡಬ್ಬ ಖಾಲಿ.

"ಬೆಲ್ಲ ಎಲ್ಲಿ?" ಎಂದೆ.

"ಹೋದ ಸಲ ಸೈಟ್‌ಗೆ ತಗೊಂಡ್ ಹೋದೆ ರೀ. ಗಾರೆಗೆ ಬೆಲ್ಲದ ನೀರು ಬೆರೆಸಿದ್ರೆ ಹಿಡಿತ ಚೆನ್ನಾಗಿರುತ್ತೆ. ನಮ್ಮ ಕಡೆ ಹಳೇ ಮನೆಗಳಿಗೆ ಹಾಕ್ತಿರ್ಲಿಲ್ವಾ?"

ನನ್ನ ಒಬ್ಬಟ್ಟನ್ನು ಆ ಗೋಡೆ ತಿಂದಿತ್ತು. ಮೈಯೆಲ್ಲ ಉರಿಯಿತು. ಸಾಲದ್ದಕ್ಕೆ ಅದೇ ವಾರ ಸಂಸ್ಥೆಯವರು ಇನ್ನೆರಡು ವರ್ಷ ಮುಂದುವರಿಯುವಂತೆ ಅವಳನ್ನು ಕೇಳಿದ್ದರು. ಅವಳು ಇನ್ನೂ ಉತ್ತರ ಕೊಟ್ಟಿರಲಿಲ್ಲ. ಬೇಡ ಅನ್ನಲಿ ಎಂದು ನಾನು ಕಾಯುತ್ತಿದ್ದೆ.

ಹಬ್ಬದ ದಿನ ಊರಿನ ಇನ್ನೊಂದು ಬಡಾವಣೆ ಲೊರೆಶೋದಿಂದ ನನ್ನ ಸಹೋದ್ಯೋಗಿಯ ಸಂಸಾರ ಊಟಕ್ಕೆ ಬಂತು. ಸಕ್ಕರೆ ಒಬ್ಬಟ್ಟನ್ನು ಹೊಗಳುತ್ತ ಸಹೋದ್ಯೋಗಿ ನನ್ನನ್ನು ಕೇಳಿದರು, "ನಿಮ್ಮನೆಯವ್ರ ಚರ್ಚ್ ಪ್ರಾಜೆಕ್ಟ್ ಎಲ್ಲಿಗೆ ಬಂತು ಸಾರ್?"

ಅವಳು ಪಕ್ಕದಲ್ಲೇ ತುಪ್ಪ ಬಡಿಸುತ್ತಿದ್ದಳು.

"ಇನ್ನೇನು ಮುಗೀತು. ಮುಂದಿನ ತಿಂಗಳಿಂದ ಮನೇಲೇ ಇರ್ತಾಳೆ," ಎಂದುಬಿಟ್ಟೆ.

ಅವಳು ಮುಂದಿನ ಎಲೆಗೆ ಹೋದಳು. ಅವರೆಲ್ಲ ಹೊರಟ ಮೇಲೆ ಅಡುಗೆಮನೆಯಲ್ಲಿ ನಾನೇ ಬಾಯಿ ಬಿಟ್ಟೆ.

"ಇಷ್ಟು ದಿನ ಹೋಗಿದ್ದೀಯಲ್ಲ. ಒಂದ್ಸಲ ಬಂದು ನೋಡಿ ಅಂತ ನನ್ನ ಕರೆದಿದ್ದೀಯಾ?"

"ಇಲ್ಲ. ಬೇಕಂತಲೇ ಕರೀಲಿಲ್ಲ."

"ಯಾಕೆ?"

ಅವಳು ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡಳು. "ಇಲ್ಲಿ ಎಲ್ರಿಗೂ ನಾನು ನಿಮ್ಮನೆಯವ್ರು. ಪಕ್ಕದಲ್ಲೇ ನಿಂತಿದ್ರೂ ನನ್ನ ಕೆಲಸದ ಬಗ್ಗೆ ನಿಮ್ಮನ್ನ ಕೇಳ್ತಾರೆ, ನೀವೂ ಹೇಳ್ತೀರ. ಆ ಬೆಟ್ಟದ ಮೇಲೆ ನೀವು ಯಾರು ಅಂತ ಯಾರಿಗೂ ಗೊತ್ತಿಲ್ಲ ರೀ. ಅದಕ್ಕೇ ನಂಗೆ ಅಲ್ಲಿ ಇಷ್ಟ."

ಮರುದಿನ ಬೆಳಿಗ್ಗೆ ಅವಳು ಎರಡು ವರ್ಷಕ್ಕೆ ಒಪ್ಪಿಗೆ ಕಳಿಸಿದಳು. ಕಳಿಸಿದ ಮೇಲೆ ನನಗೆ ಹೇಳಿದಳು.