ದಿಬ್ಬಣದ ಕುದುರೆ

ದೆಹಲಿಯಲ್ಲಿ ನಮ್ಮ ಜನಕಪುರಿಯ ತಿಪ್ಪೇಸ್ವಾಮಿಯವರು ಕುದುರೆ ಡಾಕ್ಟರ ಕೆಲಸದಿಂದ ನಿವೃತ್ತರಾದರೆನ್ನುವುದು ಸರ್ಕಾರದ ಲೆಕ್ಕದಲ್ಲಿ ಮಾತ್ರ. ಅವರ ಜೊತೆ ಮದುವೆಗೆ ಹೋಗುವ ಶಿಕ್ಷೆ ನನ್ನ ಶತ್ರುವಿಗೂ ಬೇಡ. ಬ್ಯಾಂಡು ಬಾರಿಸುತ್ತಾ ದಿಬ್ಬಣ ಬಂತೆಂದರೆ ಇವರು ನಡುರಸ್ತೆಯಲ್ಲಿ ಅಡ್ಡ ನಿಂತು, ಮದುಮಗ ಮೇಲಿರುವಾಗಲೇ ಕುದುರೆಯ ಗೊರಸು ಎತ್ತಿ ನೋಡುತ್ತಾರೆ. "ಭಯ್ಯಾ, ನೀರು ಕುಡಿಸಿದೆಯಾ? ಬರೀ ಕಡಲೆ ತಿನ್ನಿಸಿದ್ರೆ ಹೊಟ್ಟೆನೋವು ಬರುತ್ತೆ, ಹುಲ್ಲು ಹಾಕು" ಎಂದು ಕುದುರೆಯವನಿಗೆ ಹಿಂದಿಯಲ್ಲಿ ಪಾಠ ಬೇರೆ. ಒಳಗೆ ಊಟ ಆರಿದರೂ ನಾವು ಕಾಯಬೇಕು. ಮೆಟ್ರೊ ಬಂದ ಚಳಿಗಾಲದಲ್ಲಿ ಅವರ ಮಗಳು ನಿಹಾರಿಕಾಳನ್ನೇ ಮದುವೆಯಾಗಲು ಪಂಜಾಬಿ ಹುಡುಗ ಕುದುರೆಯೇರಿ ಬಂದ. ಆರತಿ ತಟ್ಟೆ ಹಿಡಿದು ನಿಂತ ಅವರ ಹೆಂಡತಿ ಲೀಲಮ್ಮ, "ಬೀಗರು ಬಂದ್ರು, ಇವರೆಲ್ಲಿ ಹಾಳಾಗಿ ಹೋದ್ರೋ ನೋಡಪ್ಪಾ!" ಎಂದು ನನ್ನನ್ನು ಓಡಿಸಿದರು. ಹೋಗಿ ನೋಡಿದರೆ, ಅಳಿಯ ಇಳಿದ ಕುದುರೆಯನ್ನು ಇವರು ಪಕ್ಕದ ಗಲ್ಲಿಯಲ್ಲಿ ಮೆಲ್ಲಗೆ ನಡೆಸುತ್ತಿದ್ದಾರೆ! "ಬೆವರು ಆರೋ ತನಕ ನಡೆಸ್ಬೇಕು ಕಣಯ್ಯಾ, ಥಟ್ಟನೆ ನಿಲ್ಲಿಸಬಾರದು" ಅಂದರು. ರೇಗಿಹೋಗಿ ಲಗಾಮು ಕಿತ್ತುಕೊಂಡೆ. ಕುದುರೆಯ ಮೈ ಆಗಲೇ ಒಣಗಿತ್ತು. ಒದ್ದೆಯಾಗಿದ್ದದ್ದು ಅವರ ಮುಖ.